ಇನ್ನು ಮೂರೇ ಗೆಲುವು

2016ರ ಆಗಸ್ಟ್ 20ರ ಶನಿವಾರ. ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್ ಮೈದಾನದಲ್ಲಿ ಇಂಗ್ಲೆಂಡಿನ ಕೌಂಟಿ ಟಿ20 ಟೂರ್ನಿಯ ‘ಫೈನಲ್ಸ್ ಡೇ’. ಹಗಲು ಎರಡು ಸೆಮಿಫೈನಲ್, ದೀಪ ಹೊತ್ತಿದ ಮೇಲೆ ಫೈನಲ್. ಒಂದೇ ದಿನದಲ್ಲಿ ಎರಡು ಸಲ ಗೆದ್ದವರಿಗೆ ಕಪ್. ಅಂದು ಬಂದಿದ್ದ ನಾಲ್ಕು ತಂಡಗಳಲ್ಲಿ ಯಾರ್ಕ್‌ಶೈರ್ 2014 ಮತ್ತು 2015ರಲ್ಲಿ ಕೌಂಟಿ ಚಾಂಪಿಯನ್‌ಷಿಪ್ ಗೆದ್ದಿತ್ತು. ನಾಟಿಂಗಮ್‌ಶೈರ್ ಬಳಿ ಟ್ರೆಂಟ್ ಬ್ರಿಜ್‌ನಂಥ ಟೆಸ್ಟ್ ಮೈದಾನವಿತ್ತು, ಅದರ ಆದಾಯವೂ ಇತ್ತು. ಡರ್ಹಾಮ್ ಸಾಲದಲ್ಲಿ ಮುಳುಗಿದ್ದರೂ ಅಂದಿನ ಮಟ್ಟಿಗೆ ಬೆನ್ ಸ್ಟೋಕ್ಸ್ ಮತ್ತು ಮಾರ್ಕ್ ವುಡ್ ಅವರ ಬೆಂಬಲವಿತ್ತು. ನಾಲ್ಕನೆಯ ತಂಡ ನಾರ್ಥಾಂಪ್ಟನ್‌ಶೈರ್. ಅದಕ್ಕೆ ಟೆಸ್ಟ್ ಮೈದಾನವಿಲ್ಲ, ಕೈಯಲ್ಲಿ ಕಾಸಿಲ್ಲ, ಪೂರ್ಣಾವಧಿ ಆಟಗಾರರ ಪಟ್ಟಿಯೋ ದೇಶದಲ್ಲೇ ಚಿಕ್ಕವುಗಳಲ್ಲಿ ಒಂದು. ಹಿಂದಿನ ವರ್ಷದ ಕೊನೆಯಲ್ಲಿ ತಂಡದ ದೊಡ್ಡ ಆಸರೆಯಾಗಿದ್ದ ಡೇವಿಡ್ ವಿಲ್ಲಿ ಯಾರ್ಕ್‌ಶೈರ್ ಸೇರಿಕೊಂಡಿದ್ದರು.

ಅಂಥ ತಂಡ ಅಂದು ಯಾವ ಧೈರ್ಯದ ಮೇಲೆ ಮೈದಾನಕ್ಕೆ ಇಳಿಯಿತು? ಪವಾಡದ ಮೇಲಿನ ನಂಬಿಕೆಯಷ್ಟೇ ಅದಕ್ಕೆ ಕಾರಣವಾಗಿದ್ದರೆ ಈ ಲೇಖನದ ಅಗತ್ಯ ಇರಲಿಲ್ಲ. ಬಡ ಕೌಂಟಿಯೊಂದರ ನಾಕೌಟ್ ಆಸೆಗೆ ಲೆಕ್ಕವಿದೆ, ಪದ್ಧತಿಯಿದೆ, ಅರ್ಧ ಶತಮಾನ ಮೀರಿದ ಇತಿಹಾಸವಿದೆ. ನಡುವೆ ಕರ್ನಾಟಕದ ಇಬ್ಬರ ಹೆಸರೂ ಬರುತ್ತದೆ.

ನಾರ್ಥಾಂಪ್ಟನ್ ಲಂಡನ್‌ನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ದೂರದ ಊರು. ಜನಸಂಖ್ಯೆ ಸುಮಾರು 2.4 ಲಕ್ಷ. ಚರ್ಮದ ಬೂಟು ತಯಾರಿಕೆಗೆ ಶತಮಾನಗಳಿಂದ ಹೆಸರಾದ ಈ ಊರಿನಲ್ಲಿ ಕೆಲವು ಹಳೆಯ ಕಾರ್ಖಾನೆಗಳು ಇಂದಿಗೂ ಕೈಹೊಲಿಗೆಯ ಬೂಟುಗಳನ್ನು ಜಗತ್ತಿಗೆಲ್ಲ ಕಳಿಸುತ್ತವೆ. ಕ್ರಿಕೆಟ್ ಕ್ಲಬ್ ಹುಟ್ಟಿದ್ದು 1878ರಲ್ಲಿ, ಕೌಂಟಿ ಚಾಂಪಿಯನ್‌ಷಿಪ್‌ಗೆ ಪ್ರವೇಶ ಸಿಕ್ಕಿದ್ದು 1905ರಲ್ಲಿ. ವಾಂಟೇಜ್ ರೋಡ್‌ನಲ್ಲಿರುವ ಮೈದಾನವನ್ನು 1994ರವರೆಗೂ ಊರಿನ ಫುಟ್‌ಬಾಲ್ ಕ್ಲಬ್ಬಿನ ಜೊತೆ ಹಂಚಿಕೊಂಡಿತ್ತು. ಕ್ರಿಕೆಟ್‌ಗೆ ಜಾಗ ಬೇಕಾಗಿದ್ದರಿಂದ ಫುಟ್‌ಬಾಲ್ ಅಂಗಳದ ಒಂದು ಬದಿಗೆ ಸ್ಟ್ಯಾಂಡೇ ಇರಲಿಲ್ಲ. 1970ರ ಫೆಬ್ರುವರಿಯಲ್ಲಿ ಎಫ್‌ಎ ಕಪ್ ಆಡಲು ಮ್ಯಾಂಚೆಸ್ಟರ್ ಯುನೈಟೆಡ್ ಅಲ್ಲಿಗೆ ಬಂದಾಗ ಊರಿಗೆ ಊರೇ ಆಸೆ ಕಟ್ಟಿಕೊಂಡು ನೆರೆದಿತ್ತು. ಜಾರ್ಜ್ ಬೆಸ್ಟ್ ಒಬ್ಬರೇ ಆರು ಗೋಲು ಹೊಡೆದರು. ಪಂದ್ಯ 8–2ಕ್ಕೆ ಮುಗಿಯಿತು. ನಾಕೌಟ್ ಎಂದರೆ ಬಹುಪಾಲು ಸಲ ಹೀಗೇ ಆಗುತ್ತದೆ. ದುರ್ಬಲರು ದುರ್ಬಲರಂತೆಯೇ ಸೋಲುತ್ತಾರೆ, ಬಲಿಷ್ಠರು ಮುಂದಿನ ಸುತ್ತಿಗೆ ಹೋಗುತ್ತಾರೆ. ನಾರ್ಥಾಂಪ್ಟನ್‌ನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕ್ರಿಕೆಟ್‌ನಲ್ಲಂತೂ ಅವರು ಸೋಲಿನ ತಳ ಕಂಡವರು. 1907ರ ಜೂನ್‌ನಲ್ಲಿ ಗ್ಲಾಸ್ಟರ್‌ಶೈರ್ ವಿರುದ್ಧ ಇಡೀ ತಂಡ 12 ರನ್‌ಗೆ ಆಲೌಟ್ ಆಯಿತು. ಚಾಂಪಿಯನ್‌ಷಿಪ್ ಇತಿಹಾಸದಲ್ಲಿ ಅದಕ್ಕಿಂತ ಕಡಿಮೆ ಮೊತ್ತ ಇವತ್ತಿಗೂ ಇಲ್ಲ. ಎಡಗೈ ಸ್ಪಿನ್ನರ್ ಜಾರ್ಜ್ ಡೆನೆಟ್ 9 ರನ್‌ಗೆ 8 ವಿಕೆಟ್ ಕಿತ್ತಿದ್ದರು. ಕೊನೆಯ ದಿನ ಮಳೆ ಸುರಿದು ಆ ಪಂದ್ಯ ಡ್ರಾ ಆಯಿತೆಂಬುದೇ ಸಮಾಧಾನ. ಇನ್ನು 1935ರ ಮೇಯಿಂದ 1939ರ ಮೇವರೆಗೆ ಚಾಂಪಿಯನ್‌ಷಿಪ್‌ನಲ್ಲಿ ಸತತ 99 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ನಾಲ್ಕು ವರ್ಷ! ಆದರೂ ಕ್ಲಬ್ ಬಾಗಿಲು ಹಾಕಲಿಲ್ಲ. ಕೊನೆಗೆ ಲೆಸ್ಟರ್‌ಶೈರ್ ವಿರುದ್ಧ ಗೆದ್ದು ಆ ಸರಣಿಯನ್ನು ಮುರಿಯಿತು.

ಚಾಂಪಿಯನ್‌ಷಿಪ್ ಪ್ರಶಸ್ತಿ ಇವತ್ತಿನವರೆಗೂ ಅದರ ಪಾಲಿಗೆ ಬಂದಿಲ್ಲ. 1912, 1957, 1965 ಮತ್ತು 1976ರಲ್ಲಿ ಎರಡನೇ ಸ್ಥಾನ. 1965ರಲ್ಲಿ ವೂಸ್ಟರ್‌ಶೈರ್‌ಗಿಂತ ಹಿಂದುಳಿದದ್ದು ನಾಲ್ಕೇ ಅಂಕಗಳಿಂದ. 18 ಕೌಂಟಿಗಳಲ್ಲಿ ಈ ಕಿರೀಟವನ್ನು ಒಮ್ಮೆಯೂ ತೊಡದ ಮೂರರಲ್ಲಿ ಇದೂ ಒಂದು. ಉಳಿದೆರಡು ಸಾಮರ್‌ಸೆಟ್ ಮತ್ತು ಗ್ಲಾಸ್ಟರ್‌ಶೈರ್. ಇದರ ಕಾರಣ ಪ್ರತಿಭೆಯ ಕೊರತೆಯಲ್ಲ. ಚಾಂಪಿಯನ್‌ಷಿಪ್ ಎಂದರೆ 14 ಪಂದ್ಯ, ಪಂದ್ಯಕ್ಕೆ ನಾಲ್ಕು ದಿನ, ಒಟ್ಟು 56 ದಿನಗಳ ಆಟ. ಗೆಲ್ಲಬೇಕಾದರೆ ಪ್ರತಿ ಪಂದ್ಯದಲ್ಲೂ 20 ವಿಕೆಟ್ ಉರುಳಿಸಬೇಕು. ಅದಕ್ಕೆ ಮೂರು-ನಾಲ್ಕು ಒಳ್ಳೆಯ ಬೌಲರ್‌ಗಳು ಸಾಲದು. ಒಬ್ಬನ ಬೆನ್ನು ಹಿಡಿದರೆ ಇನ್ನೊಬ್ಬ, ಇನ್ನೊಬ್ಬನನ್ನು ಇಂಗ್ಲೆಂಡ್ ತಂಡ ಕರೆದುಕೊಂಡರೆ ಮತ್ತೊಬ್ಬ ಸಿದ್ಧವಾಗಿರಬೇಕು. ಸರ್ರೆ ಅಂಥ ಬೌಲರ್‌ಗಳನ್ನು ಸಂಬಳ ಕೊಟ್ಟು ಕಾಯಿಸಬಲ್ಲದು. ನಾರ್ಥಾಂಪ್ಟನ್‌ಶೈರ್‌ಗೆ ಅದು ಆಗದ ಮಾತು. ಏಪ್ರಿಲ್‌ನಲ್ಲಿ ಚೆನ್ನಾಗಿಯೇ ಶುರು ಮಾಡುವ ತಂಡ ಆಗಸ್ಟ್ ಹೊತ್ತಿಗೆ ಬಸವಳಿಯುತ್ತದೆ.

ನಾಕೌಟ್‌ನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಟಿ20ಯಲ್ಲಿ ಎದುರಾಳಿಯ 20 ವಿಕೆಟ್ ಇರಲಿ, ಹತ್ತೂ ಬೇಕಿಲ್ಲ. 120 ಎಸೆತ ಮುಗಿಸಿದರಾಯಿತು. ಒಬ್ಬ ಬ್ಯಾಟರ್ 45 ಎಸೆತ ನಿಂತು ಬೀಸಿದರೆ ಅರ್ಧ ಮೊತ್ತ ಅವನದೇ ಆಗಬಹುದು. ಬೆಂಚಿನ ಮೇಲೆ ಕೂತ ಹನ್ನೆರಡನೆಯ, ಹದಿಮೂರನೆಯ ಆಟಗಾರನ ಗುಣಮಟ್ಟ ಅಂದು ಲೆಕ್ಕಕ್ಕೆ ಬರುವುದಿಲ್ಲ. ಶ್ರೀಮಂತ ಕೌಂಟಿ ವರ್ಷವಿಡೀ ಹಣ ಸುರಿದು ಗಳಿಸಿದ ಅನುಕೂಲದ ದೊಡ್ಡ ಪಾಲು ಆ ಮೂರು ತಾಸುಗಳ ಮಟ್ಟಿಗೆ ಕರಗಿಹೋಗುತ್ತದೆ.

ಹಾಗೆಂದು ಅದು ಲಾಟರಿಯಲ್ಲ. ಕ್ವಾರ್ಟರ್‌ಫೈನಲ್ ತಲುಪಿದ ತಂಡಕ್ಕೂ ಕಪ್‌ಗೂ ನಡುವೆ ಇರುವುದು ಮೂರು ಗೆಲುವು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ನೂರಕ್ಕೆ 40 ಎಂದು ಇಟ್ಟುಕೊಂಡರೆ ಮೂರನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ ಆರು ಚಿಲ್ಲರೆ. ಆ 40 ಅನ್ನು 45ಕ್ಕೆ ಏರಿಸಿದರೆ ಕಪ್ ಗೆಲ್ಲುವ ಸಾಧ್ಯತೆ ಒಂಬತ್ತಕ್ಕೆ ಹಾರುತ್ತದೆ. ಒಂದೊಂದು ಪಂದ್ಯದಲ್ಲಿ ಐದು ಅಂಶ ಹೆಚ್ಚಿಸಿಕೊಂಡರೆ ಕೊನೆಯಲ್ಲಿ ಹತ್ತಿರ ಹತ್ತಿರ ಅರ್ಧಪಟ್ಟು ಹೆಚ್ಚು ಫಲ. ಸಣ್ಣ ಕೌಂಟಿಯ ನಾಕೌಟ್ ಸಿದ್ಧತೆಯೆಂದರೆ ಈ ಐದು ಅಂಶಗಳ ಬೇಟೆ. ಸರಿಯಾದ ಜೋಡಿಯನ್ನು ಆರಂಭಕ್ಕೆ ಕಳಿಸುವುದು, ಕೊನೆಯ ನಾಲ್ಕು ಓವರ್ ಯಾರು ಎಸೆಯಬೇಕೆಂದು ಮೊದಲೇ ಗೊತ್ತಿರುವುದು, ಒಂದೇ ಹನ್ನೊಂದು ಮಂದಿಯನ್ನು ಸಾಧ್ಯವಾದಷ್ಟು ದಿನ ಒಟ್ಟಿಗೆ ಆಡಿಸುವುದು.

ನಾರ್ಥಾಂಪ್ಟನ್‌ಶೈರ್ ಇದನ್ನು ಕಲಿತಿತ್ತು ಎನ್ನಲು 2013ರಿಂದ 2016ರವರೆಗಿನ ದಾಖಲೆಯೇ ಸಾಕ್ಷಿ. ನಾಲ್ಕು ವರ್ಷಗಳಲ್ಲಿ ಮೂರು ಟಿ20 ಫೈನಲ್, ಎರಡು ಕಪ್. ಆ ಅವಧಿಯಲ್ಲಿ ಯಾವ ದೊಡ್ಡ ಕೌಂಟಿಯೂ ಎರಡು ಸಲ ಕಪ್ ಎತ್ತಲಿಲ್ಲ. ಡೇವಿಡ್ ರಿಪ್ಲಿ ಕೋಚ್, ಅಲೆಕ್ಸ್ ವೇಕ್ಲಿ ನಾಯಕ. ರಿಪ್ಲಿ ಅದೇ ಕ್ಲಬ್ಬಿನ ಹಳೆಯ ವಿಕೆಟ್‌ಕೀಪರ್. ಅವರು ತಾರೆಗಳ ಹಿಂದೆ ಹೋಗಲಿಲ್ಲ, ಹೋಗುವಷ್ಟು ಹಣವೂ ಇರಲಿಲ್ಲ. ಬೇರೆಯವರ ಕಣ್ಣಿಗೆ ಬೀಳದವರನ್ನು, ಬೇರೆಯವರು ಕೈಬಿಟ್ಟವರನ್ನು ಕರೆತಂದರು.

ಮೊಹಮ್ಮದ್ ಅಜರುಲ್ಲಾ ಅವರನ್ನೇ ನೋಡಿ. ಪಾಕಿಸ್ತಾನದ ದೇಶಿ ಕ್ರಿಕೆಟ್‌ನಲ್ಲಿ ಆಡಿ, ಆಮೇಲೆ ಇಂಗ್ಲೆಂಡಿಗೆ ಬಂದು ಯಾರ್ಕ್‌ಶೈರ್‌ನ ಲೀಗ್ ಪಂದ್ಯಗಳಲ್ಲಿ ಬೌಲ್ ಮಾಡುತ್ತಿದ್ದ ವೇಗಿ. ವಯಸ್ಸು ಮೂವತ್ತರ ಹತ್ತಿರ. ಅಂಥವರು 2013ರ ಟಿ20 ಟೂರ್ನಿಯಲ್ಲಿ 27 ವಿಕೆಟ್ ಪಡೆದು ಬೌಲರ್‌ಗಳ ಪಟ್ಟಿಯಲ್ಲಿ ಮೊದಲಿಗರಾದರು. ರಿಚರ್ಡ್ ಗ್ಲೀಸನ್ ಕಥೆಯೂ ಇಂಥದೇ. ಬ್ಲ್ಯಾಕ್‌ಪೂಲ್‌ನಲ್ಲಿ ಹುಟ್ಟಿ, ಕಂಬರ್ಲೆಂಡ್ ಪರ ಮೈನರ್ ಕೌಂಟಿ ಕ್ರಿಕೆಟ್ ಆಡುತ್ತಿದ್ದವರಿಗೆ ಪ್ರಥಮ ದರ್ಜೆಯ ಬಾಗಿಲು ತೆರೆದದ್ದು 27ನೇ ವಯಸ್ಸಿನಲ್ಲಿ, ನಾರ್ಥಾಂಪ್ಟನ್‌ನಲ್ಲಿ. ಭಾರತದ ಪ್ರೇಕ್ಷಕರು ಅವರನ್ನು ಮರೆತಿರಲಾರರು. 2022ರ ಜುಲೈನಲ್ಲಿ, ಇದೇ ಎಜ್‌ಬಾಸ್ಟನ್‌ನಲ್ಲಿ, 34ನೇ ವಯಸ್ಸಿಗೆ ಇಂಗ್ಲೆಂಡ್ ಪರ ಮೊದಲ ಟಿ20 ಆಡಿದ ಗ್ಲೀಸನ್ ತಮ್ಮ ಮೊದಲ ಎಂಟು ಎಸೆತಗಳಲ್ಲಿ ರೋಹಿತ್ ಶರ್ಮಾ, ವಿರಾಟ್ ಕೊಹ್ಲಿ ಮತ್ತು ರಿಷಭ್ ಪಂತ್ ಮೂವರನ್ನೂ ಔಟ್ ಮಾಡಿದರು.

2013ರ ಫೈನಲ್ ಏಕಪಕ್ಷೀಯ. ಎದುರಾಳಿ ಸರ್ರೆ. ಮಳೆಯಿಂದ 18 ಓವರ್‌ಗೆ ಇಳಿದ ಪಂದ್ಯದಲ್ಲಿ ನಾರ್ಥಾಂಪ್ಟನ್‌ಶೈರ್ 2 ವಿಕೆಟ್‌ಗೆ 194 ಹೊಡೆಯಿತು. ಡೇವಿಡ್ ವಿಲ್ಲಿ 27 ಎಸೆತಗಳಲ್ಲಿ 60 ರನ್ ಬಾರಿಸಿ, ಆಮೇಲೆ ಹ್ಯಾಟ್ರಿಕ್ ಸಹಿತ 9 ರನ್‌ಗೆ 4 ವಿಕೆಟ್ ಪಡೆದರು. ಸರ್ರೆ 92ಕ್ಕೆ ಸರ್ವಪತನ. ಅಂದು ನಾರ್ಥಾಂಪ್ಟನ್ ಹಿರಿಯರಿಗೆ ಇನ್ನೊಬ್ಬ ವಿಲ್ಲಿ ನೆನಪಾಗಿರಬೇಕು. 1976ರಲ್ಲಿ ಕ್ಲಬ್ ತನ್ನ ಮೊದಲ ದೊಡ್ಡ ಕಪ್ ಗೆದ್ದಾಗ ಪಂದ್ಯಶ್ರೇಷ್ಠರಾಗಿದ್ದವರು ಡೇವಿಡ್ ಅವರ ತಂದೆ ಪೀಟರ್ ವಿಲ್ಲಿ.

ಆ 1976ರ ಜಿಲೆಟ್ ಕಪ್ ಫೈನಲ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ಪರ ನಮ್ಮ ಬಿಷನ್ ಸಿಂಗ್ ಬೇಡಿ ಕೂಡ ಇದ್ದರು. ಲ್ಯಾಂಕಶೈರ್ ಇನಿಂಗ್ಸಿನ ಕೊನೆಯ ಓವರಿನಲ್ಲಿ ಡೇವಿಡ್ ಹ್ಯೂಸ್ ಅವರು ಬೇಡಿ ಎಸೆತಗಳಲ್ಲಿ 26 ರನ್ ಚಚ್ಚಿದಾಗ ಲಾರ್ಡ್ಸ್‌ನಲ್ಲಿದ್ದ ನಾರ್ಥಾಂಪ್ಟನ್ ಅಭಿಮಾನಿಗಳ ಎದೆ ಧಸಕ್ಕೆಂದಿರಬೇಕು. ಆದರೂ ಮುಷ್ತಾಕ್ ಮೊಹಮ್ಮದ್ ನಾಯಕತ್ವದ ತಂಡ 4 ವಿಕೆಟ್‌ಗಳಿಂದ ಗೆದ್ದಿತು. 98 ವರ್ಷ ಹಳೆಯ ಕ್ಲಬ್ಬಿನ ಮೊದಲ ದೊಡ್ಡ ಪ್ರಶಸ್ತಿ.

ಜಿಲೆಟ್ ಕಪ್ ಇಲ್ಲದಿದ್ದರೆ ಇಂಥ ಕ್ಲಬ್ಬುಗಳಿಗೆ ಆ ದಿನ ಬರುತ್ತಲೇ ಇರಲಿಲ್ಲ. 1963ರಲ್ಲಿ ಶುರುವಾದ ಅದು ಪ್ರಥಮ ದರ್ಜೆಯ ಕೌಂಟಿಗಳೆಲ್ಲ ಆಡಿದ ಮೊದಲ ಒಂದು ದಿನದ ನಾಕೌಟ್ ಟೂರ್ನಿ. ಎರಡನೇ ದರ್ಜೆಯ ‘ಮೈನರ್’ ಕೌಂಟಿಗಳಿಗೂ ಬೇಗನೆ ಅದರಲ್ಲಿ ಜಾಗ ಸಿಕ್ಕಿತು. 1973ರಲ್ಲಿ ಹ್ಯಾರೋಗೇಟ್‌ನಲ್ಲಿ ಡರ್ಹಾಮ್, ಆಗಿನ್ನೂ ಮೈನರ್ ಕೌಂಟಿ, ಬಲಾಢ್ಯ ಯಾರ್ಕ್‌ಶೈರನ್ನು ಸೋಲಿಸಿ ದೇಶವನ್ನೇ ಬೆಚ್ಚಿಬೀಳಿಸಿತು. ಆ ಟೂರ್ನಿಯಲ್ಲಿ ಪ್ರಥಮ ದರ್ಜೆಯ ಕೌಂಟಿಯೊಂದು ಮೈನರ್ ಕೌಂಟಿಗೆ ಸೋತದ್ದು ಅದೇ ಮೊದಲು. 1992ರಲ್ಲಿ ಅದೇ ಡರ್ಹಾಮ್ 18ನೇ ಪ್ರಥಮ ದರ್ಜೆ ಕೌಂಟಿಯಾಯಿತು.

ಕರ್ನಾಟಕದ ಓದುಗರಿಗೆ ಈ ರುಚಿ ಹೊಸದಲ್ಲ. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್‌ಗೆ ಮುಂಚೆ ಬಾಂಬೆ ಸತತ 15 ವರ್ಷ ಚಾಂಪಿಯನ್. ಕರ್ನಾಟಕ ಒಮ್ಮೆಯೂ ಆ ಟ್ರೋಫಿ ಮುಟ್ಟಿರಲಿಲ್ಲ. ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರ ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದರು. ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಮೊದಲ ಇನಿಂಗ್ಸಿನ ಮುನ್ನಡೆಯೇ ಸಾಕಾಯಿತು. ಬಾಂಬೆಯನ್ನು ಲೀಗ್ ಪಟ್ಟಿಯಲ್ಲಿ ವರ್ಷವಿಡೀ ಬೆನ್ನಟ್ಟಿ ಹಿಂದಿಕ್ಕುವುದು ಬೇರೆ, ಒಂದು ಪಂದ್ಯದಲ್ಲಿ ಕೆಡವುವುದು ಬೇರೆ ಎಂಬುದು ಅಂದು ರುಜುವಾಯಿತು.

ಆದರೆ ನಾಕೌಟ್ ಕೊಟ್ಟಷ್ಟೇ ಕಿತ್ತುಕೊಳ್ಳುತ್ತದೆ. ಈ ಮಾತಿಗೆ ನಾರ್ಥಾಂಪ್ಟನ್‌ಶೈರ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1981ರ ನ್ಯಾಟ್‌ವೆಸ್ಟ್ ಟ್ರೋಫಿ (ಜಿಲೆಟ್ ಕಪ್‌ನ ಹೊಸ ಹೆಸರು) ಸೆಮಿಫೈನಲ್‌ನಲ್ಲಿ ಲ್ಯಾಂಕಶೈರ್ ವಿರುದ್ಧ ಅದು ಗೆದ್ದದ್ದು ಒಂದೇ ವಿಕೆಟ್‌ನಿಂದ. ಬ್ಯಾಟಿಂಗ್ ಬಾರದವರೆಂದೇ ಹೆಸರಾಗಿದ್ದ 11ನೇ ಕ್ರಮಾಂಕದ ಜಿಮ್ ಗ್ರಿಫಿತ್ಸ್ ಅವರು ಟಿಮ್ ಲ್ಯಾಂಬ್ ಜೊತೆ ಹಲ್ಲುಕಚ್ಚಿ ನಿಂತರು. ಎದುರಿಗೆ ಬೌಲ್ ಮಾಡುತ್ತಿದ್ದವರಲ್ಲಿ ಮೈಕೆಲ್ ಹೋಲ್ಡಿಂಗ್ ಇದ್ದರು. ಫೈನಲ್‌ನಲ್ಲಿ ಎದುರಾದದ್ದು ಡರ್ಬಿಶೈರ್, ಅದೂ ಬಡ ಕೌಂಟಿಯೇ. ನಾಯಕ ಜೆಫ್ ಕುಕ್ ಶತಕದ ಬಲದಿಂದ ನಾರ್ಥಾಂಪ್ಟನ್‌ಶೈರ್ 9 ವಿಕೆಟ್‌ಗೆ 235. ಡರ್ಬಿಶೈರ್ ಬೆನ್ನಟ್ಟಿ ಬಂದಿತು. ಕೊನೆಯ ಎಸೆತ, ಸಮಬಲಕ್ಕೆ ಒಂದು ರನ್ ಬಾಕಿ. ಬೌಲರ್ ಅದೇ ಗ್ರಿಫಿತ್ಸ್. ಚೆಂಡು ಕಾಲಿನ್ ಟನಿಕ್ಲಿಫ್ ಅವರ ಪ್ಯಾಡಿಗೆ ಬಡಿದು ಹತ್ತಿರದಲ್ಲೇ ಬಿತ್ತು. ಇನ್ನೊಂದು ತುದಿಯಿಂದ ಜೆಫ್ ಮಿಲ್ಲರ್, ಬೌಲರ್ ಚೆಂಡು ಕೈಬಿಡುವ ಮೊದಲೇ ಎಂಬಂತೆ ಓಟ ಕಿತ್ತು, ಉದ್ದಕ್ಕೆ ಬಿದ್ದು ಗೆರೆ ಮುಟ್ಟಿದರು. ಲೆಗ್‌ಬೈ. ಎರಡೂ ತಂಡ 235. ಡರ್ಬಿಶೈರ್ ಕಳೆದುಕೊಂಡಿದ್ದು ಆರೇ ವಿಕೆಟ್, ಆದ್ದರಿಂದ ಕಪ್ ಅದಕ್ಕೆ. ಸೋತ ತಂಡದ ಕುಕ್ ಪಂದ್ಯಶ್ರೇಷ್ಠ.

ಒಮ್ಮೆ ಹೀಗಾದರೆ ದುರದೃಷ್ಟ ಎನ್ನಬಹುದು. 1987ರ ಬೆನ್ಸನ್ ಅಂಡ್ ಹೆಜಸ್ ಕಪ್ ಫೈನಲ್‌ನಲ್ಲೂ ಅದೇ ಆಯಿತು. ಡೇವಿಡ್ ಕ್ಯಾಪೆಲ್ 97 ರನ್ ಹೊಡೆದ ಪಂದ್ಯದಲ್ಲಿ ನಾರ್ಥಾಂಪ್ಟನ್‌ಶೈರ್ 7 ವಿಕೆಟ್‌ಗೆ 244, ಯಾರ್ಕ್‌ಶೈರ್ 6 ವಿಕೆಟ್‌ಗೆ 244. ಒಂದೇ ಒಂದು ವಿಕೆಟ್ ವ್ಯತ್ಯಾಸ. ಅದೇ ವರ್ಷದ ನ್ಯಾಟ್‌ವೆಸ್ಟ್ ಫೈನಲ್ ಮಳೆಯಿಂದ ಸೋಮವಾರಕ್ಕೂ ಮುಂದುವರಿದು, ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗ ನಾಟಿಂಗಮ್‌ಶೈರ್‌ನ ರಿಚರ್ಡ್ ಹ್ಯಾಡ್ಲಿ ಅಜೇಯ 70 ಬಾರಿಸಿ ಕಸಿದುಕೊಂಡರು. ಆರು ವರ್ಷಗಳಲ್ಲಿ ಮೂರು ಫೈನಲ್, ಮೂರೂ ಕೊನೆಯ ಗಳಿಗೆಯಲ್ಲಿ ಕೈ ಜಾರಿದವು. ಇಷ್ಟು ಅನುಭವಿಸಿದ ಮೇಲೂ ಆ ಊರಿನ ಜನ ಮುಂದಿನ ನಾಕೌಟ್‌ಗೆ ಟಿಕೆಟ್ ಕೊಂಡರು ಎಂಬುದನ್ನು ನೆನೆದರೆ ಗೌರವ ಹುಟ್ಟುತ್ತದೆ. 1992ರಲ್ಲಿ ಅದರ ಫಲವೂ ಸಿಕ್ಕಿತು; ಲೆಸ್ಟರ್‌ಶೈರ್ ವಿರುದ್ಧ 8 ವಿಕೆಟ್‌ಗಳ ಗೆಲುವು, ನ್ಯಾಟ್‌ವೆಸ್ಟ್ ಟ್ರೋಫಿ.

1995ರಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಬಂದರು. 24 ವರ್ಷದ ಲೆಗ್ ಸ್ಪಿನ್ನರ್. ಆ ಒಂದೇ ಋತುವಿನಲ್ಲಿ ಪ್ರಥಮ ದರ್ಜೆಯಲ್ಲಿ 105 ವಿಕೆಟ್. 20 ವಿಕೆಟ್ ಉರುಳಿಸುವ ಬೌಲರ್ ಒಬ್ಬ ಸಿಕ್ಕರೆ ಸಣ್ಣ ಕೌಂಟಿ ಎಲ್ಲಿಗೆ ಏರಬಲ್ಲದು ಎಂಬುದು ಆ ವರ್ಷ ಕಂಡಿತು. ಅಲನ್ ಲ್ಯಾಂಬ್ ನಾಯಕತ್ವದ ತಂಡ 17 ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ 12 ಗೆದ್ದು ಮೂರನೇ ಸ್ಥಾನ ಪಡೆಯಿತು. ನಾಟಿಂಗಮ್‌ಶೈರ್ ಮೊದಲು ಬ್ಯಾಟ್ ಮಾಡಿ 527 ಹೊಡೆದ ಪಂದ್ಯವೊಂದರಲ್ಲಿ ನಾರ್ಥಾಂಪ್ಟನ್‌ಶೈರ್ 7 ವಿಕೆಟ್‌ಗೆ 781 ಪೇರಿಸಿ, ಎದುರಾಳಿಯನ್ನು ಮತ್ತೆ ಬ್ಯಾಟಿಂಗ್‌ಗೆ ಇಳಿಸಿ ಇನಿಂಗ್ಸ್ ಅಂತರದಿಂದ ಗೆದ್ದಿತು. ಲಾರ್ಡ್ಸ್‌ನ ನ್ಯಾಟ್‌ವೆಸ್ಟ್ ಫೈನಲ್‌ಗೂ ತಲುಪಿ, ಅಲ್ಲಿ ವಾರಿಕ್‌ಶೈರ್‌ಗೆ 4 ವಿಕೆಟ್‌ಗಳಿಂದ ಮಣಿಯಿತು. ಕುಂಬ್ಳೆ ಮುಂದೆ ಲೆಸ್ಟರ್‌ಶೈರ್, ಸರ್ರೆ ಪರವೂ ಆಡಿದರು. ನಾರ್ಥಾಂಪ್ಟನ್‌ನಲ್ಲಿ ಮಾಡಿದ್ದನ್ನು ಬೇರೆಲ್ಲೂ ಮಾಡಲಿಲ್ಲ.

ಕುಂಬ್ಳೆ ಕ್ಲಬ್ಬಿಗೆ ಕೊಟ್ಟವರು. ಕರುಣ್ ನಾಯರ್‌ಗೆ ಕ್ಲಬ್ಬೇ ಕೊಟ್ಟಿತು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಬಾರಿಸಿದ್ದ ಕರುಣ್, ಆರು ವರ್ಷಗಳ ಬಳಿಕ ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡು, ಇನ್ನೊಂದು ಅವಕಾಶ ಕೊಡು ಎಂದು ಆಟವನ್ನೇ ಬಹಿರಂಗವಾಗಿ ಬೇಡಿಕೊಂಡಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ಕರೆಯಿತು. ಋತುವಿನ ಕೊನೆಯ ಮೂರು ಪಂದ್ಯ. ತಂಡ ಆಗ ಚಾಂಪಿಯನ್‌ಷಿಪ್‌ನ ಮೊದಲ ಡಿವಿಷನ್‌ನಿಂದ ಕೆಳಗಿಳಿಯುವ ಹಂತದಲ್ಲಿತ್ತು. ಕರುಣ್ ಆ ವರ್ಷದ ಚಾಂಪಿಯನ್ ಸರ್ರೆ ವಿರುದ್ಧ, ಅವರದೇ ಓವಲ್ ಮೈದಾನದಲ್ಲಿ 150 ಹೊಡೆದರು. ಮರುವರ್ಷ ಏಪ್ರಿಲ್‌ನಲ್ಲಿ ಗ್ಲಾಮೋರ್ಗನ್ ವಿರುದ್ಧ ಅಜೇಯ 202. ಆಮೇಲೆ ವಿದರ್ಭ ಪರ ರಾಶಿ ರಾಶಿ ರನ್, 2024–25ರ ರಣಜಿ ಟ್ರೋಫಿ, 2025ರಲ್ಲಿ ಎಂಟು ವರ್ಷಗಳ ನಂತರ ಮತ್ತೆ ಭಾರತದ ಟೆಸ್ಟ್ ಟೋಪಿ. ದೇಶಿ ಕ್ರಿಕೆಟ್‌ನ ದುಡಿಮೆಯೇ ಅವರನ್ನು ಮೇಲೆತ್ತಿತು ನಿಜ. ಆದರೆ ಬಾಗಿಲುಗಳೆಲ್ಲ ಮುಚ್ಚಿದ್ದಾಗ ತೆರೆದವುಗಳಲ್ಲಿ ಒಂದು ವಾಂಟೇಜ್ ರೋಡ್‌ನದು.

ಈಗ ಮತ್ತೆ 2016ರ ಆ ಶನಿವಾರ. ನಾಟಿಂಗಮ್‌ಶೈರ್ ವಿರುದ್ಧದ ಸೆಮಿಫೈನಲ್‌ನಲ್ಲಿ 21 ವರ್ಷದ ಎಡಗೈ ಬ್ಯಾಟರ್ ಬೆನ್ ಡಕೆಟ್ 47 ಎಸೆತಗಳಲ್ಲಿ 84 ರನ್ ಗಳಿಸಿದರು. ತಂಡದ ಒಟ್ಟು ಮೊತ್ತ 161. ಅರ್ಧಕ್ಕಿಂತ ಹೆಚ್ಚು ಅವರೊಬ್ಬರದೇ. ಅಂತರ ಎಂಟೇ ರನ್. ಯಾರ್ಕ್‌ಶೈರನ್ನು ಮಣಿಸಿ ಬಂದಿದ್ದ ಡರ್ಹಾಮ್ ಫೈನಲ್‌ನಲ್ಲಿ 153 ಹೊಡೆಯಿತು, ಕೀಟನ್ ಜೆನಿಂಗ್ಸ್ 88. ಉತ್ತರವಾಗಿ ನಾರ್ಥಾಂಪ್ಟನ್‌ಶೈರ್ 9 ರನ್ ಆಗುವಷ್ಟರಲ್ಲಿ 3 ವಿಕೆಟ್ ಕಳೆದುಕೊಂಡಿತು. ಸೆಮಿಫೈನಲ್ ಗೆಲ್ಲಿಸಿದ್ದ ಡಕೆಟ್ ಕೂಡ ಬೇಗನೆ ಹೊರಟುಹೋಗಿದ್ದರು. ಲೆಕ್ಕ, ಪದ್ಧತಿ ಎಲ್ಲ ಮುಗಿದು ಇನ್ನು ಮನುಷ್ಯರೇ ನಿಲ್ಲಬೇಕಾದ ಹೊತ್ತು ಅದು. ನಿಂತವರು ಜಾಶ್ ಕಾಬ್ ಮತ್ತು ನಾಯಕ ವೇಕ್ಲಿ. ಲೆಸ್ಟರ್‌ಶೈರ್‌ನಿಂದ ಬಂದಿದ್ದ ಕಾಬ್ 48 ಎಸೆತಗಳಲ್ಲಿ 80 ಬಾರಿಸಿದರು. ಐದು ಎಸೆತ ಬಾಕಿ ಇರುವಾಗ, 4 ವಿಕೆಟ್‌ಗಳಿಂದ ಕಪ್ ನಾರ್ಥಾಂಪ್ಟನ್‌ಗೆ ಹೊರಟಿತು.

ಅದರ ಬೆನ್ನಿಗೇ ಎರಡು ಸಂಗತಿ ನಡೆದವು. ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಡರ್ಹಾಮ್‌ನ ಸಾಲಕ್ಕೆ ನೆರವು ಕೊಟ್ಟು, ಪ್ರತಿಯಾಗಿ ಅದನ್ನು ಎರಡನೇ ಡಿವಿಷನ್‌ಗೆ ತಳ್ಳಿ 48 ಅಂಕ ಕಡಿತ ಮಾಡಿತು. ಅಂದರೆ ಆ ರಾತ್ರಿ ಫೈನಲ್ ಆಡಿದ ಎರಡೂ ಕ್ಲಬ್ಬುಗಳು ಹಣಕ್ಕೆ ತಡಕಾಡುತ್ತಿದ್ದವೇ. ಎರಡನೆಯದು ಡಕೆಟ್ ಬಗ್ಗೆ. ಆ ವರ್ಷ ವೃತ್ತಿಪರ ಆಟಗಾರರ ಸಂಘದ ವರ್ಷದ ಆಟಗಾರ, ವರ್ಷದ ಯುವ ಆಟಗಾರ ಎರಡೂ ಪ್ರಶಸ್ತಿ ಅವರಿಗೇ ಬಂದವು. ಎರಡು ವರ್ಷಗಳಲ್ಲಿ ಅವರು ನಾರ್ಥಾಂಪ್ಟನ್ ತೊರೆದು, ತಾವೇ ಸೋಲಿಸಿದ್ದ ನಾಟಿಂಗಮ್‌ಶೈರ್ ಸೇರಿದರು. ಗ್ಲೀಸನ್ ಲ್ಯಾಂಕಶೈರ್‌ಗೆ ಹೋದರು. ಮೊದಲು ಗ್ರೇಮ್ ಸ್ವಾನ್, ಮಾಂಟಿ ಪನೇಸರ್, ವಿಲ್ಲಿ ಹೋದ ದಾರಿ ಅದು. ರಾಜ್‌ಕೋಟ್‌ನಲ್ಲಿ 153, ಲೀಡ್ಸ್‌ನಲ್ಲಿ 149 ಹೊಡೆದು ಭಾರತದ ಬೌಲರ್‌ಗಳನ್ನು ಕಾಡಿದ ಇಂದಿನ ಡಕೆಟ್ ಆಟ ಕಲಿತದ್ದು ಒಂದು ಕೌಂಟಿಯಲ್ಲಿ, ಅದರ ಲಾಭ ಪಡೆದದ್ದು ಇನ್ನೊಂದು ಕೌಂಟಿ. ಆಟಗಾರರನ್ನು ದೂರಲಾಗದು, ಟೆಸ್ಟ್ ಆಡಬೇಕೆನ್ನುವವನು ಮೊದಲ ಡಿವಿಷನ್ ಹುಡುಕುತ್ತಾನೆ. ಆದರೆ ಬೆಳೆಸಿದ ಕ್ಲಬ್ಬಿಗೆ ಸಿಗುವ ಪಾಲು ಇನ್ನೂ ಬಹಳ ಕಡಿಮೆ.

2023ರಲ್ಲಿ ವಿಲ್ಲಿ ಮರಳಿ ಬಂದರು, ಈ ಸಲ ಟಿ20 ನಾಯಕನಾಗಿ. 2025ರಲ್ಲಿ ಆಸ್ಟ್ರೇಲಿಯಾದ ಡ್ಯಾರೆನ್ ಲೆಹ್ಮನ್ ಕೋಚ್ ಆದರು. ಆ ಸೆಪ್ಟೆಂಬರ್‌ನ ಕ್ವಾರ್ಟರ್‌ಫೈನಲ್‌ಗೆ ತಂಡ ಓವಲ್‌ಗೆ ಹೋಯಿತು, ಎದುರಿಗೆ ಸರ್ರೆ. ನಾರ್ಥಾಂಪ್ಟನ್‌ಶೈರ್ ಪರ 40 ವರ್ಷದ ರವಿ ಬೊಪಾರಾ 46 ಎಸೆತಗಳಲ್ಲಿ ಅಜೇಯ 105 ಹೊಡೆದರು. ಇಂಗ್ಲೆಂಡ್ ತಂಡ ಎಂದೋ ಮರೆತಿದ್ದ ಆಟಗಾರ, ದೇಶದ ಅತಿ ಶ್ರೀಮಂತ ಕೌಂಟಿಯನ್ನು ಅದರ ಅಂಗಳದಲ್ಲೇ ಹೊರಗಟ್ಟಿದರು. ಮತ್ತೆ ಎಜ್‌ಬಾಸ್ಟನ್, ಇನ್ನು ಎರಡೇ ಗೆಲುವು. ಸೆಮಿಫೈನಲ್‌ನಲ್ಲಿ ಹ್ಯಾಂಪ್‌ಶೈರ್‌ನ ಕ್ರಿಸ್ ಲಿನ್ 51 ಎಸೆತಗಳಲ್ಲಿ ಅಜೇಯ 108 ಚಚ್ಚಿ ಆ ಆಸೆಗೆ ತೆರೆ ಎಳೆದರು. ಫೈನಲ್ಸ್ ಡೇ ಇತಿಹಾಸದ ಮೊದಲ ಶತಕ ಅದು. ಲಿನ್ ಕೂಡ ಹಿಂದೆ ನಾರ್ಥಾಂಪ್ಟನ್‌ಶೈರ್ ಪರ ಆಡಿದವರೇ.

ಹ್ಯಾಂಪ್‌ಶೈರ್‌ನ ಬಹುಪಾಲು ಒಡೆತನ ಈಗ ಡೆಲ್ಲಿ ಕ್ಯಾಪಿಟಲ್ಸ್‌ನ ಸಹಮಾಲೀಕ ಜಿಎಂಆರ್ ಸಮೂಹದ್ದು. 2021ರಲ್ಲಿ ಶುರುವಾದ ‘ದಿ ಹಂಡ್ರೆಡ್’ ಟೂರ್ನಿಯ ಎಂಟು ತಂಡಗಳು ದೊಡ್ಡ ನಗರಗಳ ಮೈದಾನಗಳಲ್ಲಿ ನೆಲೆಸಿವೆ. ಐಪಿಎಲ್ ಮಾಲೀಕರು ಅವುಗಳಲ್ಲಿ ಪಾಲು ಕೊಂಡಿದ್ದಾರೆ. ಆಗಸ್ಟ್ ತಿಂಗಳು ಈಗ ಆ ಟೂರ್ನಿಯದು. ನಾರ್ಥಾಂಪ್ಟನ್‌ಗೆ ಅದರಲ್ಲಿ ತಂಡವಿಲ್ಲ. ಪಾಲು ಮಾರಾಟದಿಂದ ಬಂದ ಹಣದಲ್ಲಿ ಸಣ್ಣ ಕೌಂಟಿಗಳಿಗೂ ಭಾಗ ಸಿಕ್ಕಿದೆ, ಸಾಲ ತೀರಿಸಲು ಅದು ನೆರವಾಗುತ್ತದೆ. ಆದರೆ ಇಂಗ್ಲೆಂಡಿನಲ್ಲಿ 18 ಕೌಂಟಿ ಹೆಚ್ಚಾಯಿತು, ಕಡಿಮೆ ಮಾಡಬೇಕು ಎನ್ನುವ ವಾದ ಮತ್ತೆ ಮತ್ತೆ ತಲೆಯೆತ್ತುತ್ತದೆ. ಹಾಗೆ ಕಡಿಮೆ ಮಾಡುವುದಾದರೆ ಪಟ್ಟಿಯ ಮೇಲ್ಗಡೆ ಯಾರ ಹೆಸರಿರುತ್ತದೆ ಎಂದು ನಾರ್ಥಾಂಪ್ಟನ್‌ನವರಿಗೆ ಗೊತ್ತು.

ಆ ವಾದ ತಪ್ಪು. 27ನೇ ವಯಸ್ಸಿಗೆ ಗ್ಲೀಸನ್‌ರನ್ನು ಹುಡುಕಿದ್ದು, ಲೀಗ್ ಮೈದಾನದಿಂದ ಅಜರುಲ್ಲಾರನ್ನು ಎತ್ತಿದ್ದು, ಡಕೆಟ್‌ರನ್ನು ಬೆಳೆಸಿದ್ದು, ಕರುಣ್‌ಗೆ ಬ್ಯಾಟ್ ಹಿಡಿಯಲು ಮೂರು ಪಂದ್ಯ ಕೊಟ್ಟದ್ದು ದೊಡ್ಡ ನಗರದ ಶ್ರೀಮಂತ ತಂಡವಲ್ಲ. ಇಂಗ್ಲೆಂಡ್ ಮಂಡಳಿ ಹದಿನೆಂಟರಲ್ಲಿ ಒಂದು ಕೌಂಟಿಯನ್ನೂ ಕೈಬಿಡಬಾರದು. ಅಲ್ಲಿನ ತಂಡಗಳಲ್ಲಿ ಈಗ ಹಣ ಹೂಡಿರುವ ಭಾರತದ ಮಾಲೀಕರೂ ಈ ಮಾತಿಗೆ ದನಿಗೂಡಿಸಬೇಕು.